ಸ್ಟಾರ್ ಆಟಗಾರರಿಗೆ ಹೊಂದುವ ಪಾಯಿಂಟ್ ಗಾರ್ಡ್ ಆಯ್ಕೆ: ಮಲೆನಾಡಿನ ಬಾಸ್ಕೆಟ್‌ಬಾಲ್ ತಂಡಗಳಿಗೊಂದು ಸಮಗ್ರ ಮಾರ್ಗದರ್ಶಿ

ಟ್ರಯಲ್ಸ್ ದಿನ ಯಾರ ಕೈಯಲ್ಲಿ ಬಾಲ್ ಚೆನ್ನಾಗಿ ಕುಣಿಯುತ್ತದೋ ಅವನೇ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ಕಟ್ಟುವವನು. ನಮ್ಮ ಶಾಲೆ, ಪಿಯು ಕಾಲೇಜು, ಕ್ಲಬ್‌ಗಳಲ್ಲಿ ನಡೆದುಕೊಂಡು ಬಂದ ರೂಢಿ ಇದು. ಹೇಳಿಕೊಳ್ಳುವಂಥ ಸ್ಕೋರರ್ ಇಲ್ಲದ ತಂಡಕ್ಕೆ ಇದರಿಂದ ನಷ್ಟವೇನೂ ಇಲ್ಲ. ಆದರೆ ತಂಡದಲ್ಲಿ ರಿಂಗಿನ ಹತ್ತಿರ ಆಡುವ, ಆರಡಿ ದಾಟಿದ ಒಬ್ಬ ಪೋಸ್ಟ್ ಆಟಗಾರ, ಬದಿಯಿಂದ ಸರಕ್ಕನೆ ಒಳಗೆ ನುಗ್ಗುವ ಇನ್ನೊಬ್ಬ ವಿಂಗ್ ಆಟಗಾರ ಇದ್ದಾರೆ ಎನ್ನಿ, ಆಗ ಲೆಕ್ಕವೇ ಬೇರೆ. ಬಾಲ್ ಇರುವುದು ಒಂದೇ. ಅದು ಅವರಿಬ್ಬರ ಕೈ ಸೇರಿದ ಮೇಲೆ ನಿಮ್ಮ ಪಾಯಿಂಟ್ ಗಾರ್ಡ್ ಎಲ್ಲಿ ನಿಲ್ಲುತ್ತಾನೆ, ಏನು ಮಾಡುತ್ತಾನೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು. ಬಾಲ್ ಕೈಯಲ್ಲಿದ್ದಾಗಿನ ಚಂದ ಆಮೇಲಿನ ಮಾತು.

ಕೆಳಗಿನ ಹಂತಗಳು ದೈಹಿಕ ಶಿಕ್ಷಕರಿಗೆ, ಕ್ಲಬ್ ಕೋಚ್‌ಗಳಿಗೆ, ಕೋಚ್ ಇಲ್ಲದೆ ತಂಡ ಕಟ್ಟುವ ಕ್ಯಾಪ್ಟನ್‌ಗಳಿಗೆ. ಹುಡುಗರ ತಂಡಕ್ಕೂ ಹುಡುಗಿಯರ ತಂಡಕ್ಕೂ ಕ್ರಮ ಒಂದೇ. ಹುಡುಗಿಯರಿಗೆ 6ನೇ ಸೈಜಿನ ಬಾಲ್, ದೊಡ್ಡ ಹುಡುಗರಿಗೆ 7ನೇ ಸೈಜು. ಬೇಕಾಗುವುದು ಒಂದು ನೋಟ್‌ಬುಕ್, ಸ್ಟಾಪ್‌ವಾಚ್ ಇರುವ ಮೊಬೈಲ್, ಆರು ಕೋನ್, ಮೂರು ಬಾಲ್, ಬರೆದುಕೊಳ್ಳಲು ಇಬ್ಬರು ಹುಡುಗರು, ಮತ್ತು ಎರಡು ವಾರ. ಆ ಎರಡು ವಾರವನ್ನು ಮಳೆ ಹಿಡಿಯುವ ಮುಂಚೆ ಇಟ್ಟುಕೊಳ್ಳಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬಯಲು ಸಿಮೆಂಟ್ ಕೋರ್ಟ್‌ಗಳನ್ನು ಜೂನ್ ಕಳೆದರೆ ಸೆಪ್ಟೆಂಬರ್‌ವರೆಗೆ ನಂಬುವ ಹಾಗಿಲ್ಲ. ಪಾಚಿ ಕಟ್ಟಿದ ಕೋರ್ಟಿನಲ್ಲಿ ಯಾರೂ ಧೈರ್ಯವಾಗಿ ದಿಕ್ಕು ಬದಲಿಸುವುದಿಲ್ಲ, ಹಾಗಾಗಿ ಅಲ್ಲಿ ನಡೆಸಿದ ಟ್ರಯಲ್ಸ್‌ನಲ್ಲಿ ಜಾರದೆ ಉಳಿದವನು ಗೆಲ್ಲುತ್ತಾನೆ, ಆಟ ಬಲ್ಲವನಲ್ಲ.

ಹಂತ 1: ಮೊದಲು ಸ್ಟಾರ್‌ಗಳ ಲೆಕ್ಕ ಬರೆಯಿರಿ

ಪಾಯಿಂಟ್ ಗಾರ್ಡ್ ಹುಡುಕುವ ಕೆಲಸ ಪಾಯಿಂಟ್ ಗಾರ್ಡ್‌ನಿಂದ ಶುರುವಾಗುವುದಿಲ್ಲ. ನಿಮ್ಮ ಇಬ್ಬರು ಮುಖ್ಯ ಸ್ಕೋರರ್‌ಗಳ ಮೂರು ಪಂದ್ಯ ನೋಡಿ. ಪಂದ್ಯ ಸಿಗದಿದ್ದರೆ ಐದು-ಐದರ ಪ್ರಾಕ್ಟೀಸ್ ಆಟವಾದರೂ ಆದೀತು. ವಿಡಿಯೊ ತೆಗೆಯುವವರು ಸೈಡ್‌ಲೈನ್ ಬಳಿ, ಕೋರ್ಟಿನ ನಡುವಿಗೆ ನೇರವಾಗಿ, ಮೆಟ್ಟಿಲು ಇಲ್ಲವೇ ಕಟ್ಟೆಯ ಮೇಲೆ ನಿಲ್ಲಲಿ. ರಿಂಗಿನ ಹಿಂದಿನಿಂದ ತೆಗೆದ ವಿಡಿಯೊದಲ್ಲಿ ಆಟಗಾರರ ನಡುವಿನ ಅಂತರ ತಿಳಿಯುವುದಿಲ್ಲ, ಇಲ್ಲಿ ನಮಗೆ ಬೇಕಾದದ್ದೇ ಅದು.

ಹಾಫ್ ಕೋರ್ಟನ್ನು ಒಂಬತ್ತು ಜಾಗವಾಗಿ ವಿಂಗಡಿಸಿ: ಎರಡು ಕಾರ್ನರ್, ಎರಡು ವಿಂಗ್, ಮೇಲ್ಗಡೆ ನಡುವೆ ಟಾಪ್, ಫ್ರೀ ಥ್ರೋ ಗೆರೆಯ ಎರಡು ತುದಿ, ರಿಂಗಿನ ಬದಿಯ ಎರಡು ಲೋ ಪೋಸ್ಟ್. ಸ್ಟಾರ್ ಮಾಡಿದ ಪ್ರತಿ ಶಾಟ್‌ಗೂ, ಬಿದ್ದದ್ದಕ್ಕೂ ತಪ್ಪಿದ್ದಕ್ಕೂ, ನಾಲ್ಕು ಸಂಗತಿ ಬರೆಯಿರಿ: ಬಾಲ್ ಹಿಡಿದದ್ದು ಯಾವ ಜಾಗದಲ್ಲಿ, ಹಿಡಿದ ಮೇಲೆ ಎಷ್ಟು ಡ್ರಿಬಲ್, ಪಾಸ್ ಕೊಟ್ಟವರು ಯಾರು, ಶಾಟ್‌ಗೆ ಸಿಗುವ 24 ಸೆಕೆಂಡಿನಲ್ಲಿ ಉಳಿದದ್ದೆಷ್ಟು. ಶಾಟ್ ಕ್ಲಾಕ್ ಇಲ್ಲದ ಕಡೆ ಒಬ್ಬ ಹುಡುಗನ ಕೈಗೆ ಸ್ಟಾಪ್‌ವಾಚ್ ಕೊಡಿ. ಟೂರ್ನಿಯ ಅಧಿಕೃತ ಸ್ಕೋರ್‌ಶೀಟ್ ತಂದುಕೊಂಡರೆ ಸಾಲದು. ಅದರಲ್ಲಿ ಅಂಕ, ಫೌಲ್, ಟೈಮ್‌ಔಟ್ ಬಿಟ್ಟರೆ ಅಸಿಸ್ಟ್ (ಬಾಸ್ಕೆಟ್‌ಗೆ ದಾರಿಯಾದ ಪಾಸ್) ಆಗಲಿ ಟರ್ನ್‌ಓವರ್ (ಬಾಲ್ ಎದುರಾಳಿಗೆ ಕಳೆದದ್ದು) ಆಗಲಿ ಇರುವುದಿಲ್ಲ.

ಮೂವತ್ತು ನಲವತ್ತು ಸಾಲು ತುಂಬುವಷ್ಟರಲ್ಲಿ ಚಿತ್ರ ಕಾಣುತ್ತದೆ. ಹೆಚ್ಚಿನ ಅಂಕಗಳನ್ನು ಲೋ ಪೋಸ್ಟ್‌ನಲ್ಲಿ ಡ್ರಿಬಲ್ ಇಲ್ಲದೆ ಅಥವಾ ಒಂದೇ ಡ್ರಿಬಲ್‌ನಲ್ಲಿ ಮಾಡುವವನು ಪೂರ್ತಿ ಪಾಸ್ ನಂಬಿ ಬದುಕುವ ಆಟಗಾರ. ವಿಂಗ್‌ನಲ್ಲಿ ಬಾಲ್ ಹಿಡಿದು ಮೂರು, ನಾಲ್ಕು ಡ್ರಿಬಲ್ ಮಾಡಿ ಒಳಗೆ ಹೋಗುವವನಿಗೆ ಪಾಸ್‌ಗಿಂತ ಖಾಲಿ ಜಾಗ ಮುಖ್ಯ. ಹಿಡಿದ ಕೂಡಲೇ ಎತ್ತಿ ಹೊಡೆಯುವ ಶೂಟರ್‌ಗೆ ಬೇಕಾದದ್ದು ಸಮಯಕ್ಕೆ ಸರಿಯಾದ ಪಾಸ್. ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರ) ದಾಟಿ ಹೊರಬಂದ ಅರ್ಧ ಸೆಕೆಂಡಿನಲ್ಲಿ ಎದೆಯ ಎತ್ತರಕ್ಕೆ ಬಾಲ್ ಬರಬೇಕು. ಇನ್ನು ಗಡಿಯಾರದಲ್ಲಿ 18 ಸೆಕೆಂಡ್ ಉಳಿದಿರುವಾಗಲೇ ಓಡಿಹೋಗಿ ಲೇಅಪ್ ಹಾಕುವವನಿಗೆ, ರೀಬೌಂಡ್ ಸಿಕ್ಕ ಕ್ಷಣ ತಲೆ ಎತ್ತಿ ಮುಂದೆ ನೋಡುವ ಗಾರ್ಡ್ ಬೇಕು.

ಈ ಲೆಕ್ಕ ಬರೆಯುವಾಗ ಕೋಚ್‌ಗಳು ಎಡವುವುದು ಒಂದೇ ಕಡೆ. ಸ್ಟಾರ್‌ನನ್ನು ಕರೆದು 'ನಿನಗೆ ಬಾಲ್ ಎಲ್ಲಿ ಬೇಕೋ' ಎಂದು ಕೇಳಿ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಬಹುಪಾಲು ಹುಡುಗರು ಟಾಪ್‌ನಲ್ಲಿ ಬೇಕು ಎನ್ನುತ್ತಾರೆ, ಏಕೆಂದರೆ ಟಿವಿಯಲ್ಲಿ ನೋಡಿದ್ದು ಅದು. ನೋಟ್‌ಬುಕ್ ಬೇರೆಯೇ ಹೇಳುತ್ತಿರುತ್ತದೆ. ನೋಟ್‌ಬುಕ್ಕನ್ನೇ ನಂಬಿ.

ಹಂತ 2: ಇಬ್ಬರೂ ಬಾಲ್ ಹಿಡಿಯುವವರೇ ಆದರೆ

ಇಬ್ಬರು ಸ್ಟಾರ್‌ಗಳ ಸಾಲುಗಳನ್ನು ಪಕ್ಕಪಕ್ಕ ಇಡಿ. ಇಬ್ಬರದೂ ಮೂರು ಡ್ರಿಬಲ್‌ಗಿಂತ ಹೆಚ್ಚಿನ ಆಟವಾದರೆ, ಬಾಲ್ ಸದಾ ಕೈಯಲ್ಲೇ ಇರಬೇಕೆನ್ನುವ ಮೂರನೆಯವನನ್ನು ಪಾಯಿಂಟ್ ಗಾರ್ಡ್ ಮಾಡಬೇಡಿ, ಅವನು ಎಷ್ಟೇ ಪ್ರತಿಭಾವಂತನಾಗಿರಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಇತಿಹಾಸದಲ್ಲಿ ಇದರ ಎರಡೂ ಮುಖ ಸಿಗುತ್ತದೆ. 2017ರ ಎಂವಿಪಿ (ಋತುವಿನ ಅತ್ಯುತ್ತಮ ಆಟಗಾರ) ರಸೆಲ್ ವೆಸ್ಟ್‌ಬ್ರೂಕ್ 2021ರಲ್ಲಿ ಲೇಕರ್ಸ್ ಸೇರಿದಾಗ ಅಲ್ಲಿ ಬಾಲ್ ಹಿಡಿದು ಆಟ ಕಟ್ಟಲು ಲೆಬ್ರಾನ್ ಜೇಮ್ಸ್ ಇದ್ದ. ವೆಸ್ಟ್‌ಬ್ರೂಕ್‌ನ ಬಲವೆಲ್ಲ ಬಾಲ್ ಹಿಡಿದು ವೇಗವಾಗಿ ನುಗ್ಗುವುದರಲ್ಲಿ. ದೂರದ ಶಾಟ್ ಅವನ ದೌರ್ಬಲ್ಯ. ಬಾಲ್ ಲೆಬ್ರಾನ್ ಕೈಯಲ್ಲಿದ್ದಾಗ ವೆಸ್ಟ್‌ಬ್ರೂಕ್‌ನನ್ನು ಕಾಯಬೇಕಾದವನು ಅವನನ್ನು ಬಿಟ್ಟು ಪೇಂಟ್‌ಗೆ (ರಿಂಗಿನ ಮುಂದಿನ ಚೌಕಕ್ಕೆ) ಬಂದು ನಿಲ್ಲುತ್ತಿದ್ದ. ಆ ಋತುವಿನಲ್ಲಿ ತಂಡ 33 ಗೆದ್ದು 49 ಸೋತು ಪ್ಲೇಆಫ್ ತಪ್ಪಿಸಿಕೊಂಡಿತು. ಲೆಬ್ರಾನ್, ಆಂಟನಿ ಡೇವಿಸ್ ಇಬ್ಬರ ಗಾಯಗಳ ಪಾಲೂ ಅದರಲ್ಲಿತ್ತು, ಎಲ್ಲ ತಪ್ಪನ್ನೂ ಒಬ್ಬನ ತಲೆಗೆ ಕಟ್ಟುವಂತಿಲ್ಲ. ಆದರೂ ಹೊಂದಾಣಿಕೆಯ ಸಮಸ್ಯೆ ಕಣ್ಣಿಗೆ ಹೊಡೆಯುವಂತಿತ್ತು.

ಇನ್ನೊಂದು ಮುಖ ರಾನ್ ಹಾರ್ಪರ್. 1994ರಲ್ಲಿ ಶಿಕಾಗೊ ಬುಲ್ಸ್ ಸೇರುವ ಹಿಂದಿನ ಋತುವಿನಲ್ಲಿ ಅವನು ಕ್ಲಿಪ್ಪರ್ಸ್ ಪರ ಪಂದ್ಯಕ್ಕೆ 20 ಅಂಕದ ಆಸುಪಾಸು ಹೊಡೆಯುತ್ತಿದ್ದ ಸ್ಕೋರರ್. ಮೈಕಲ್ ಜೋರ್ಡನ್, ಸ್ಕಾಟಿ ಪಿಪ್ಪೆನ್ ಜೊತೆ ಆಡುವಾಗ ಆ ಅಂಕಗಳನ್ನು ಬಿಟ್ಟುಕೊಟ್ಟ. ಆಟ ಕಟ್ಟುವ ಕೆಲಸ ಪಿಪ್ಪೆನ್‌ದಾಗಿತ್ತು. ಆರಡಿ ಆರಿಂಚಿನ ಹಾರ್ಪರ್ ಎದುರಾಳಿ ಗಾರ್ಡ್‌ಗಳನ್ನು ಕಟ್ಟಿಹಾಕಿದ. 1996, 1997, 1998 ಮೂರೂ ವರ್ಷ ಬುಲ್ಸ್ ಚಾಂಪಿಯನ್. ಅಂಥ ತಂಡದಲ್ಲಿ ಪಾಯಿಂಟ್ ಗಾರ್ಡ್ ಎಂಬುದು ಹೆಸರಿಗಷ್ಟೇ. ಕೆಲಸ ಡಿಫೆನ್ಸ್ ಮತ್ತು ನಿಂತ ಜಾಗದ್ದು.

ನಿಮ್ಮ ಸ್ಟಾರ್ ತಾನೇ ಬಾಲ್ ತರುವ ವಿಂಗ್ ಆಟಗಾರನಾಗಿದ್ದರೆ ನೀವು ಹುಡುಕಬೇಕಾದದ್ದು ಹಾರ್ಪರ್ ಮಾದರಿ: ಎದುರಾಳಿಯ ಒಳ್ಳೆಯ ಬಾಲ್ ಹ್ಯಾಂಡ್ಲರ್‌ನನ್ನು ಕಾಯಬಲ್ಲವನು, ಕಾರ್ನರ್‌ನಲ್ಲಿ ನಿಂತು ಖಾಲಿ ಸಿಕ್ಕಾಗ ಹೊಡೆಯಬಲ್ಲವನು. ಸ್ಟಾರ್ ಪೋಸ್ಟ್‌ನಲ್ಲಿರುವ ತಂಡ ಕೆಳಗಿನ ನಾಲ್ಕೂ ಹಂತಗಳನ್ನು ಬಿಡದೆ ಮಾಡಬೇಕು.

ಹಂತ 3: ಅಭ್ಯರ್ಥಿಗಳನ್ನು ಎಲ್ಲಿ ಹುಡುಕಬೇಕು

ಬಾಸ್ಕೆಟ್‌ಬಾಲ್ ಆಡುವ ಹುಡುಗರಲ್ಲೇ ಹುಡುಕುತ್ತ ಕೂತರೆ ಜಿಲ್ಲೆಯ ಸಣ್ಣ ಊರುಗಳಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ. ವಾಲಿಬಾಲ್ ಕೋರ್ಟಿನ ಕಡೆ ಒಮ್ಮೆ ಹೋಗಿ. ಮಲೆನಾಡಿನ ಹಳ್ಳಿ ಹಳ್ಳಿಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ನಡೆಯುತ್ತದೆ, ಅಲ್ಲಿನ ಒಳ್ಳೆಯ ಲಿಫ್ಟರ್ ಅರ್ಧ ಪಾಯಿಂಟ್ ಗಾರ್ಡ್ ಆಗಿಯೇ ಇರುತ್ತಾನೆ. ಯಾವ ಅಟ್ಯಾಕರ್‌ಗೆ ಬಾಲ್ ಎಷ್ಟು ಎತ್ತರ ಬೇಕು, ನೆಟ್‌ಗೆ ಎಷ್ಟು ಹತ್ತಿರ ಬೇಕು ಎಂಬುದು ಅವನ ಬೆರಳಿಗೆ ಗೊತ್ತು. ತಾನು ಪಾಯಿಂಟ್ ಹೊಡೆಯದಿದ್ದರೂ ಬೇಸರಪಡದ ಸ್ವಭಾವವೂ ಅವನಿಗೆ ರೂಢಿಯಾಗಿರುತ್ತದೆ. ಕೊರತೆ ಡ್ರಿಬಲ್‌ನದು, ಅದಕ್ಕೆ ದಿನಕ್ಕೆ ಅರ್ಧ ಗಂಟೆಯಂತೆ ಆರೆಂಟು ತಿಂಗಳು ಬೇಕು, ಹಾಗಾಗಿ ಅವನನ್ನು ಈ ವರ್ಷಕ್ಕಲ್ಲ, ಮುಂದಿನ ವರ್ಷಕ್ಕೆ ಹಿಡಿಯಿರಿ.

ಖೋಖೋ ಹುಡುಗರನ್ನೂ ನೋಡಬಹುದು. ಸೊಂಟ ಬಗ್ಗಿಸಿ ದಿಕ್ಕು ಬದಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಡಿಫೆನ್ಸ್‌ಗೆ ಬೇಗ ಒಗ್ಗುತ್ತಾರೆ. ಆದರೆ ಕಣ್ಣು ಸದಾ ಎದುರಾಳಿಯ ಮೇಲಿರುವುದರಿಂದ ಸಹ ಆಟಗಾರ ಕಾಣುವುದು ತಡ. ಸ್ಟಾರ್ ತಾನೇ ಬಾಲ್ ತರುವ ತಂಡಕ್ಕೆ ಇವರು ಸರಿ, ಪೋಸ್ಟ್ ಆಟದ ತಂಡಕ್ಕೆ ಅಲ್ಲ.

ಹಂತ 4: ನಾಲ್ಕು ಪರೀಕ್ಷೆಗಳು

ಅಂಕಗಳ ಗುರಿಗಳು ಪಿಯು ಮತ್ತು ಡಿಗ್ರಿ ಮಟ್ಟದ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಹೈಸ್ಕೂಲಿಗೆ ಒಂದೆರಡು ಕಡಿಮೆ ಮಾಡಿಕೊಳ್ಳಿ.

ಪ್ರೆಸ್ ಪರೀಕ್ಷೆ. ಪ್ರೆಸ್ ಎಂದರೆ ಬಾಲ್ ತರುವಾಗಲೇ ಎದುರಾಳಿ ಮೇಲೆ ಬಿದ್ದು ತಡೆಯುವುದು. ಅಭ್ಯರ್ಥಿ ತನ್ನ ರಿಂಗಿನ ಕೆಳಗೆ, ಎದುರಿಗೆ ಇಬ್ಬರು ಡಿಫೆಂಡರ್‌ಗಳು, ಸಹಾಯಕ್ಕೆ ಯಾರೂ ಇಲ್ಲ. 8 ಸೆಕೆಂಡಿನೊಳಗೆ ಹಾಫ್ ದಾಟಬೇಕು. ಹತ್ತು ಸಲ, ನಡುವೆ 20 ಸೆಕೆಂಡ್ ವಿಶ್ರಾಂತಿ. ಹತ್ತರಲ್ಲಿ ಆರು ದಾಟಿದರೆ ಪಾಸ್. ಎಣಿಕೆಯ ಜೊತೆಗೆ ಹಾಫ್ ದಾಟಿದ ಕೂಡಲೇ ಅವನು ಎಲ್ಲಿ ನಿಲ್ಲುತ್ತಾನೆ ನೋಡಿ. ಸೈಡ್‌ಲೈನ್ ಮತ್ತು ಹಾಫ್ ಗೆರೆ ಕೂಡುವ ಮೂಲೆಯಲ್ಲಿ ಡ್ರಿಬಲ್ ನಿಲ್ಲಿಸಿದರೆ ಅಪಾಯ: ಹಿಂದೆ ಹೋದರೆ ಬ್ಯಾಕ್‌ಕೋರ್ಟ್ ವಯಲೇಷನ್, ಪಕ್ಕಕ್ಕೆ ಹೋದರೆ ಔಟ್, ಎದುರಿಗೆ ಇಬ್ಬರು. ಬುದ್ಧಿವಂತ ಪ್ರೆಸ್ ತಂಡಗಳು ಬಾಲನ್ನು ಬೇಕೆಂದೇ ಅಲ್ಲಿಗೆ ತಳ್ಳುತ್ತವೆ. ಹಾಫ್ ಗೆರೆಯ ನಡುಭಾಗದಿಂದ ದಾಟುವ ಅಭ್ಯಾಸ ಇರುವವನಿಗೆ ಒಂದು ಅಂಕ ಹೆಚ್ಚು ಕೊಡಿ. ಎಡಗೈ ದುರ್ಬಲವಾಗಿದ್ದರೆ ಈ ಪರೀಕ್ಷೆಯಲ್ಲಿ ತಾನಾಗಿ ಬಯಲಾಗುತ್ತದೆ. ಡಿಫೆಂಡರ್‌ಗಳಿಗೆ ಮೊದಲೇ 'ಅವನನ್ನು ಎಡಕ್ಕೆ ತಳ್ಳಿ' ಎಂದು ಹೇಳಿರಿ.

ಖಾಲಿ ಶಾಟ್ ಪರೀಕ್ಷೆ. ಎರಡು ಕಾರ್ನರ್, ಎರಡು ವಿಂಗ್, ಟಾಪ್: ಐದು ಜಾಗ, ಜಾಗಕ್ಕೆ ಹತ್ತರಂತೆ ಐವತ್ತು ಶಾಟ್, ಪಾಸ್ ಹಿಡಿದು ಡ್ರಿಬಲ್ ಇಲ್ಲದೆ. ಗೆರೆ 6.75 ಮೀಟರ್, ಕಾರ್ನರ್‌ನಲ್ಲಿ 6.60. ಎದುರಾಳಿ ಇಲ್ಲದೆ ಐವತ್ತರಲ್ಲಿ 20 ಬಿದ್ದರೆ ಪಂದ್ಯದಲ್ಲಿ ಮೂರಕ್ಕೊಂದು ಬೀಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಮೂರು ಪಾಯಿಂಟ್‌ನ ಶಾಟ್ ಮೂರಕ್ಕೊಂದು ಬೀಳುವುದೂ ಎರಡು ಪಾಯಿಂಟ್‌ನದು ಎರಡಕ್ಕೊಂದು ಬೀಳುವುದೂ ಅಂಕದಲ್ಲಿ ಒಂದೇ, ಶಾಟ್‌ಗೆ ಒಂದು ಅಂಕ. ಅಷ್ಟು ಹೊಡೆಯುವವನನ್ನು ಎದುರಾಳಿ ಬಿಟ್ಟು ಹೋಗಲಾರ. ಹೈಸ್ಕೂಲ್ ಮಕ್ಕಳಿಗೆ ಫ್ರೀ ಥ್ರೋದಷ್ಟು ದೂರ, ಅಂದರೆ ಬೋರ್ಡಿನಿಂದ 4.6 ಮೀಟರ್ ಇಡಿ. ಐವತ್ತರಲ್ಲಿ 25 ಗುರಿ. ಪರೀಕ್ಷೆಗೆ ಮುಂಚೆ ನಾಲ್ಕು ಸಲ ಕೋರ್ಟಿನ ಉದ್ದ ಓಡಿಸಿ. ತಣ್ಣಗೆ ನಿಂತು ಹೊಡೆದ ಶಾಟ್‌ಗಳ ಲೆಕ್ಕ ನಾಲ್ಕನೇ ಕ್ವಾರ್ಟರ್‌ನಲ್ಲಿ ಕೈ ಕೊಡುತ್ತದೆ.

ನಮ್ಮಲ್ಲಿ ಈ ಪರೀಕ್ಷೆಗೆ ಏಕಿಷ್ಟು ಮಹತ್ವ ಎಂದರೆ, ಸ್ಥಳೀಯ ಟೂರ್ನಿಗಳಲ್ಲಿ ಎದುರಾಗುವುದು ಹೆಚ್ಚಾಗಿ 2-3 ಝೋನ್, ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು ನಿಂತು ತಮ್ಮ ಜಾಗ ಕಾಯುವ ಡಿಫೆನ್ಸ್. ಮುಂದಿನ ಇಬ್ಬರಲ್ಲಿ ಒಬ್ಬ ನಿಮ್ಮ ಗಾರ್ಡ್ ಎದುರಿಗೆ ಇರಬೇಕು. ನಿಮ್ಮ ಗಾರ್ಡ್ ಹೊಡೆಯುವುದಿಲ್ಲ ಎಂದು ಗೊತ್ತಾದ ಗಳಿಗೆಯಿಂದ ಅವನು ಎರಡು ಹೆಜ್ಜೆ ಹಿಂದೆ ಸರಿದು ಫ್ರೀ ಥ್ರೋ ಗೆರೆಯ ಮೇಲೆ ನಿಲ್ಲುತ್ತಾನೆ. ಒಂದು ಕಾಲು ಪೇಂಟ್ ಒಳಗೆ, ಒಂದು ಕೈ ಪಾಸ್ ಹೋಗುವ ದಾರಿಯಲ್ಲಿ. ಈಗ ನಿಮ್ಮ ಪೋಸ್ಟ್ ಆಟಗಾರನ ಹಿಂದೆ ಒಬ್ಬ, ಮುಂದೆ ಒಬ್ಬ. ಪ್ರೇಕ್ಷಕರು 'ಎಂತ ಮಾರಾಯ, ಉದ್ದ ಹುಡುಗನಿಗೆ ಬಾಲೇ ಕೊಡಲ್ವಲ್ಲ' ಎಂದು ಗಾರ್ಡ್‌ಗೆ ಬೈಯುತ್ತಾರೆ. ಕೊಡಲು ದಾರಿಯೇ ಇಲ್ಲ, ಆ ದಾರಿ ಮುಚ್ಚಿದ್ದು ಅವನ ಶಾಟ್ ಇಲ್ಲದಿರುವುದರಿಂದ.

ಪೋಸ್ಟ್ ಪಾಸ್ ಪರೀಕ್ಷೆ. ಇದಕ್ಕೆ ಸ್ಟಾರ್ ಪೋಸ್ಟ್ ಆಟಗಾರನೇ ಬೇಕು, ಬದಲಿ ಆಟಗಾರ ನಡೆಯುವುದಿಲ್ಲ. ಸ್ಟಾರ್ ಎಡ ಲೋ ಪೋಸ್ಟ್‌ನಲ್ಲಿ, ಹಿಂದೆ ಒಬ್ಬ ಡಿಫೆಂಡರ್. ಅಭ್ಯರ್ಥಿ ಟಾಪ್‌ನಿಂದ ಡ್ರಿಬಲ್ ಮಾಡುತ್ತ ಎಡ ವಿಂಗ್‌ಗೆ ಇಳಿಯಬೇಕು, ಅವನ ಮೇಲೂ ಒಬ್ಬ ಡಿಫೆಂಡರ್. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಸ್ಟಾರ್ ಬಾಲ್ ಹಿಡಿದರೆ ಒಂದು ಅಂಕ. ಕಾಲು ಸರಿಸದೆ, ಬಗ್ಗದೆ, ಹಿಡಿದಲ್ಲಿಂದಲೇ ತಿರುಗಿ ಶಾಟ್ ಮಾಡುವಂತೆ ಹಿಡಿದರೆ ಎರಡು. ನಲವತ್ತಕ್ಕೆ 26 ಬಂದರೆ ಒಳ್ಳೆಯದು.

ಹತ್ತಿರದಿಂದ ನೋಡಬೇಕಾದದ್ದು ಇವು. ಟಾಪ್‌ನಲ್ಲೇ ನಿಂತು ಪಾಸ್ ಎಸೆಯುವವನು ಸೋಲುತ್ತಾನೆ, ಆ ಕೋನದಿಂದ ಬಾಲ್ ಪೋಸ್ಟ್ ಡಿಫೆಂಡರ್ ಕೈಯ ಎದುರಿಗೇ ಹೋಗುತ್ತದೆ. ಫ್ರೀ ಥ್ರೋ ಗೆರೆಯನ್ನು ಸೈಡ್‌ಲೈನ್‌ವರೆಗೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆಗೋ ಅದಕ್ಕಿಂತ ಒಂದು ಹೆಜ್ಜೆ ಕೆಳಕ್ಕೋ ಇಳಿದು ಕೊಟ್ಟರೆ ಕೋನ ತೆರೆಯುತ್ತದೆ. ತನ್ನ ಮುಂದಿನ ಡಿಫೆಂಡರ್ ಕೈ ಮೇಲಿದ್ದರೆ ಬೌನ್ಸ್ ಪಾಸ್, ದೂರದ ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಬಾಲ್ ನೆಲ ಮುಟ್ಟುವಂತೆ. ಕೈ ಕೆಳಗಿದ್ದರೆ ಅವನ ಕಿವಿಯ ಪಕ್ಕದಿಂದ ನೇರ ಪಾಸ್. ಒಳ್ಳೆಯ ಅಭ್ಯರ್ಥಿ ಮೇಲೆ ತೋರಿಸಿ ಕೆಳಗೆ ಕೊಡುತ್ತಾನೆ. ಅದಕ್ಕಿಂತ ಒಳ್ಳೆಯವನು ಸ್ಟಾರ್‌ನ ಮುಖಕ್ಕಲ್ಲ, ಡಿಫೆಂಡರ್‌ನಿಂದ ದೂರವಿರುವ ಕೈಗೆ ಕೊಡುತ್ತಾನೆ. ಇನ್ನು ಸಮಯ: ಸ್ಟಾರ್ ಬೆನ್ನಿನಿಂದ ಡಿಫೆಂಡರ್‌ನನ್ನು ತಡೆದು ಕೈ ಎತ್ತಿದ ಒಂದು ಸೆಕೆಂಡಿನೊಳಗೆ ಬಾಲ್ ಹೊರಡಬೇಕು. ತಡವಾದರೆ ಡಿಫೆಂಡರ್ ಸುತ್ತಿ ಮುಂದೆ ಬರುತ್ತಾನೆ, ಇಲ್ಲವೇ ಪೇಂಟ್‌ನೊಳಗೆ 3 ಸೆಕೆಂಡ್ ಮುಗಿದು ಸೀಟಿ ಬೀಳುತ್ತದೆ. ಆ ಸೀಟಿ ಸ್ಟಾರ್ ಹೆಸರಿಗೆ ಬೀಳುತ್ತದೆ, ತಪ್ಪು ಗಾರ್ಡ್‌ನದು.

ಇಂಥ ಸಮಯಪ್ರಜ್ಞೆ ಜೊತೆಯಾಗಿ ಆಡುತ್ತ ಬರುವಂಥದ್ದು. ಜಾನ್ ಸ್ಟಾಕ್ಟನ್, ಕಾರ್ಲ್ ಮಲೋನ್ ಯೂಟಾ ಜಾಝ್‌ನಲ್ಲಿ 1985ರಿಂದ 2003ರವರೆಗೆ ಹದಿನೆಂಟು ಋತು ಒಟ್ಟಿಗೆ ಆಡಿದರು. ಸ್ಟಾಕ್ಟನ್‌ನ 15,806 ಅಸಿಸ್ಟ್‌ಗಳ ದಾಖಲೆ ಇಂದಿಗೂ ನಿಂತಿದೆ. ಹತ್ತಿರದ ಉದಾಹರಣೆ ಮೈಕ್ ಕಾನ್ಲಿ. ಯೂಟಾದಲ್ಲಿ ರೂಡಿ ಗೋಬೇರ್ ಜೊತೆ ಆಡಿ ಪಳಗಿದ್ದ ಅವನನ್ನು ಮಿನೆಸೋಟ 2023ರ ಫೆಬ್ರುವರಿಯಲ್ಲಿ ಕರೆತಂದಿತು, ಗೋಬೇರ್ ಅದಾಗಲೇ ಅಲ್ಲಿದ್ದ. ಮರುವರ್ಷ ತಂಡ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ ತಲುಪಿತು. ಆ ತಂಡದ ದೊಡ್ಡ ಸ್ಕೋರರ್ ಆಂಟನಿ ಎಡ್ವರ್ಡ್ಸ್. ಬಾಲ್ ಅವನಿಗೆ ಬಿಟ್ಟುಕೊಡುವುದಕ್ಕೂ ಗೋಬೇರ್‌ಗೆ ತಲುಪಿಸುವುದಕ್ಕೂ ಕಾನ್ಲಿಗೆ ತಕರಾರಿರಲಿಲ್ಲ.

ಡಿಫೆನ್ಸ್ ಪರೀಕ್ಷೆ. ಲಭ್ಯವಿರುವ ಅತ್ಯಂತ ಚುರುಕಾದ ಬಾಲ್ ಹ್ಯಾಂಡ್ಲರ್‌ನನ್ನು ಹಾಫ್‌ನಿಂದ ರಿಂಗಿನವರೆಗೆ ಒಬ್ಬನೇ ತಡೆಯಬೇಕು, ಹತ್ತು ಸಲ. ಬಾಸ್ಕೆಟ್ ಆಗದಂತೆ ತಡೆದದ್ದಕ್ಕಿಂತ ಫೌಲ್ ಇಲ್ಲದೆ ತಡೆದದ್ದನ್ನು ಎಣಿಸಿ. ಗಾರ್ಡ್ ದಾಟಿಸಿಕೊಂಡಾಗಲೆಲ್ಲ ಹಿಂದಿನಿಂದ ಸಹಾಯಕ್ಕೆ ಬರುವವನು ನಿಮ್ಮ ಪೋಸ್ಟ್ ಸ್ಟಾರ್; ಐದು ಫೌಲ್‌ಗೆ ಅವನು ಹೊರಗೆ ಕೂರುತ್ತಾನೆ. ಎರಡನೇ ಕ್ವಾರ್ಟರ್‌ನಲ್ಲೇ ಸ್ಟಾರ್‌ಗೆ ಮೂರು ಫೌಲ್ ಆಗುತ್ತಿದ್ದರೆ ಮುಕ್ಕಾಲು ಪಾಲು ಕಾರಣ ಮುಂದಿನ ಗಾರ್ಡ್‌ನ ಕಾಲು. ಮಿಲ್ವಾಕಿ 2020ರಲ್ಲಿ ಜ್ರೂ ಹಾಲಿಡೇಯನ್ನು ತಂದದ್ದು ಇದೇ ಕೆಲಸಕ್ಕೆ. 2021ರ ಫೈನಲ್‌ನ ಐದನೇ ಪಂದ್ಯದ ಕೊನೆಯಲ್ಲಿ ಅವನು ಎದುರಾಳಿ ಡೆವಿನ್ ಬುಕರ್ ಕೈಯಿಂದ ಬಾಲ್ ಕಿತ್ತು ತಮ್ಮ ತಂಡದ ಸ್ಟಾರ್ ಯಾನಿಸ್‌ಗೆ ಎತ್ತಿಕೊಟ್ಟ ಪಾಸ್ ಡಿಫೆನ್ಸ್, ಪಾಸ್ ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸಿತು. ಮೂರು ವರ್ಷದ ಮೇಲೆ ಬೋಸ್ಟನ್‌ನಲ್ಲಿ ಬಾಲ್ ಹಿಡಿಯಲು ಬೇರೆಯವರಿದ್ದಾಗ ಅದೇ ಹಾಲಿಡೇ ಬಹುಪಾಲು ಕಾರ್ನರ್‌ಗೆ ಸರಿದು 2024ರಲ್ಲಿ ಇನ್ನೊಂದು ಪ್ರಶಸ್ತಿ ಗೆದ್ದ.

ಹಂತ 5: ಅದಲು ಬದಲು ಆಟ

ನಾಲ್ಕು ಪರೀಕ್ಷೆ ಮುಗಿದ ಮೇಲೆ ಇಬ್ಬರು ಉಳಿಯಬೇಕು. ಅವರನ್ನು ಒಬ್ಬರಿಗೊಬ್ಬರು ಎದುರಾಗಿ ಆಡಿಸಬೇಡಿ; ಹಾಗೆ ಮಾಡಿದರೆ ಯಾರು ಹೆಚ್ಚು ಹೊಡೆದರು ಎಂಬುದೊಂದೇ ಮನಸ್ಸಿನಲ್ಲಿ ಉಳಿಯುತ್ತದೆ. ಸ್ಟಾರ್‌ಗಳಿಬ್ಬರು ಮತ್ತು ಇನ್ನಿಬ್ಬರನ್ನು ಬದಲಿಸದೆ, ಐದನೆಯವನನ್ನು ಮಾತ್ರ ಬದಲಿಸಿ. 10 ನಿಮಿಷದ ನಾಲ್ಕು ಕ್ವಾರ್ಟರ್, ಎದುರಾಳಿ ಅದೇ ಐವರು. ಕ್ರಮ: ಮೊದಲನೆಯವನು, ಎರಡನೆಯವನು, ಎರಡನೆಯವನು, ಮೊದಲನೆಯವನು. ಒಬ್ಬನಿಗೇ ಎರಡೂ ತಾಜಾ ಕ್ವಾರ್ಟರ್ ಸಿಗದಿರಲಿ ಎಂದು ಈ ಕ್ರಮ. ಅರ್ಧ ಆಟ ಝೋನ್ ಎದುರು, ಅರ್ಧ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬನನ್ನು ಒಬ್ಬೊಬ್ಬ ಕಾಯುವ ಡಿಫೆನ್ಸ್) ಎದುರು ಆಡಿಸಬೇಕಾದರೆ ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿ. ಒಂದೇ ದಿನ ಎರಡನ್ನೂ ಬೆರೆಸಿದರೆ ಗೊಂದಲ.

ಬರೆಯುವ ಹುಡುಗರಿಗೆ ನಾಲ್ಕೇ ಕಾಲಂ ಕೊಡಿ: ಒಟ್ಟು ಎಷ್ಟು ಸಲ ದಾಳಿ, ಅದರಲ್ಲಿ ಸ್ಟಾರ್ ತನ್ನ ಜಾಗದಲ್ಲೇ ಬಾಲ್ ಹಿಡಿದದ್ದು ಎಷ್ಟು, ಟರ್ನ್‌ಓವರ್ ಎಷ್ಟು, ಅಂಕ ಎಷ್ಟು. ಸ್ಟಾರ್‌ನ ಜಾಗ ಯಾವುದು ಎಂಬುದು ಹಂತ 1ರ ನೋಟ್‌ಬುಕ್ಕಿನಲ್ಲಿದೆ. ದಾಳಿಗೆ ಅಂಕ ಎಷ್ಟು ಬಿತ್ತೆಂದು ಭಾಗಿಸಿ ನೋಡಿ. ಇಲ್ಲಿ ಆಗಾಗ ಬೆರಗಾಗುತ್ತೀರಿ: ತಾನೇ 14 ಅಂಕ ಹೊಡೆದ ಅಭ್ಯರ್ಥಿಯ ಕ್ವಾರ್ಟರ್‌ಗಳಲ್ಲಿ ತಂಡದ ಅಂಕ ಕಡಿಮೆ ಇರುತ್ತದೆ, ನಾಲ್ಕೇ ಅಂಕದವನ ಕ್ವಾರ್ಟರ್‌ಗಳಲ್ಲಿ ಹೆಚ್ಚು. ಎರಡನೆಯವನನ್ನು ಆರಿಸಿ, ಎರಡು ಸಲ ಯೋಚಿಸಬೇಡಿ. ಅಂಕದಲ್ಲಿ ಸಮ ಬಂದರೆ ಟರ್ನ್‌ಓವರ್ ಕಡಿಮೆ ಇರುವವನಿಗೆ ಒಲವು.

ಹಂತ 6: ಅಣ್ಣ-ತಮ್ಮನ ಲೆಕ್ಕ

ಬೇರೆ ಊರಿನ ಕೈಪಿಡಿಗಳಲ್ಲಿ ಸಿಗದ ವಿಷಯ ಇದು. ನಮ್ಮಲ್ಲಿ ಸ್ಟಾರ್ ಹೆಚ್ಚಾಗಿ ಸೀನಿಯರ್, ಹೊಸ ಗಾರ್ಡ್ ಜೂನಿಯರ್. ಸ್ಟಾರ್ 'ಲೋ, ಬಾಲ್ ಕೊಡೋ' ಎಂದು ಕೂಗಿದರೆ ಸುತ್ತ ಮೂವರಿದ್ದರೂ ತಮ್ಮ ಕೊಟ್ಟೇಬಿಡುತ್ತಾನೆ, ಎರಡು ಸಲ ಬಾಲ್ ಕಳೆದ ಮೇಲೂ ಕೊಡುತ್ತಾನೆ. ಅದನ್ನು ಹೊಂದಾಣಿಕೆ ಎಂದು ತಿಳಿಯಬೇಡಿ, ಅದು ಹೆದರಿಕೆ. ಅದಲು ಬದಲು ಆಟದಲ್ಲಿ ಸ್ಟಾರ್‌ಗೆ ಗುಟ್ಟಾಗಿ ಹೇಳಿಡಿ: ಇಬ್ಬರು ಸುತ್ತಿಕೊಂಡಾಗಲೂ ಬಾಲ್ ಕೇಳು. 'ತಡಿ ಅಣ್ಣ, ಈ ಕಡೆ ಬಾ' ಎಂದು ಕೈ ತೋರಿಸಿ ಬಾಲನ್ನು ಇನ್ನೊಂದು ಬದಿಗೆ ತಿರುಗಿಸುವ ಹುಡುಗ ನಿಮಗೆ ಬೇಕಾದವನು. ಹುಡುಗಿಯರ ತಂಡದಲ್ಲಿ 'ಅಕ್ಕ' ಎಂದು ಬದಲಿಸಿಕೊಳ್ಳಿ, ಕಥೆ ಒಂದೇ. ಪ್ಲೇ ಕರೆಯುವ, ಅಂದರೆ ಮುಂದೆ ಯಾವ ಆಟ ಎಂದು ಹೇಳುವ ಹಕ್ಕು ಗಾರ್ಡ್‌ನದು ಎಂದು ಕೋಚ್ ಎಲ್ಲರೆದುರು ಒಮ್ಮೆ ಹೇಳಿಬಿಟ್ಟರೆ ತಮ್ಮನಿಗೆ ಅರ್ಧ ಭಾರ ಇಳಿಯುತ್ತದೆ.

ಇನ್ನೊಂದು ಸಣ್ಣ ಆದರೆ ಗಟ್ಟಿ ಸಂಗತಿ: ಹಾಜರಿ. ಮಳೆ ರಜೆ, ತಪ್ಪಿದ ಬಸ್ಸು, ಕತ್ತಲಾಗುವ ಮುಂಚೆ ಮನೆ ಸೇರಬೇಕಾದ ಹಳ್ಳಿ ದಾರಿ. ಇವೆಲ್ಲದರ ನಡುವೆ ವಾರಕ್ಕೆ ಎರಡೇ ದಿನ ಸಿಗುವ ಗಾರ್ಡ್ ಎಷ್ಟೇ ಚೆನ್ನಾಗಿದ್ದರೂ ಸ್ಟಾರ್ ಜೊತೆ ಪಳಗುವುದಿಲ್ಲ. ಪರೀಕ್ಷೆಗಳಲ್ಲಿ ಎರಡು ಮೂರು ಅಂಕ ಹಿಂದಿದ್ದರೂ ಸ್ಟಾರ್ ಇರುವ ಹಾಸ್ಟೆಲ್‌ನಲ್ಲೇ ಇರುವವನನ್ನು ಆರಿಸುವುದು ತಪ್ಪಲ್ಲ. ಕೋರ್ಟ್ ಒದ್ದೆಯಾದ ದಿನಗಳಲ್ಲಿ ಶಾಲೆಯ ಸಭಾಂಗಣದಲ್ಲೋ ವರಾಂಡದಲ್ಲೋ ಇಬ್ಬರೇ ನಿಂತು ಪೋಸ್ಟ್ ಪಾಸ್ ನೂರು ಸಲ ಮಾಡಬಹುದು, ಅದಕ್ಕೆ ರಿಂಗ್ ಬೇಡ. ಲೆದರ್ ಬಾಲ್ ಹೊರಗೆ ತೆಗೆಯಬೇಡಿ, ನೀರು ಕುಡಿದರೆ ಭಾರವಾಗಿ ಹಾಳಾಗುತ್ತದೆ. ಮಳೆಗಾಲಕ್ಕೆ ರಬ್ಬರ್ ಬಾಲ್ ಸಾಕು.

ಆಯ್ಕೆಯ ನಂತರ ಕೆಡುವುದೆಲ್ಲಿ

ಗಾರ್ಡ್ ಟಾಪ್‌ನಲ್ಲಿ ಹತ್ತು ಸೆಕೆಂಡ್ ಡ್ರಿಬಲ್ ಮಾಡುತ್ತ ನಿಲ್ಲುವುದು ಮೊದಲ ಕಾಯಿಲೆ. ಉಳಿದ ನಾಲ್ವರು ನಿಂತು ನೋಡುತ್ತಾರೆ, 24ರಲ್ಲಿ 8 ಉಳಿದಾಗ ಸ್ಟಾರ್ ಕೈಗೆ ಬಾಲ್ ಬರುತ್ತದೆ, ಆಗ ಒಳ್ಳೆಯ ಶಾಟ್‌ಗೆ ಸಮಯವಿಲ್ಲ. ಪ್ರಾಕ್ಟೀಸ್‌ನಲ್ಲಿ ಹಾಫ್ ದಾಟಿದ ಮೇಲೆ ಮೂರೇ ಡ್ರಿಬಲ್ ಎಂಬ ನಿಯಮ ಎರಡು ವಾರ ಹಾಕಿ, ಗುಣವಾಗುತ್ತದೆ.

ಎರಡನೆಯದು ಇದರ ವಿರುದ್ಧ ತುದಿ. ಹಳೆಯ ತಂಡದಲ್ಲಿ ಸ್ಕೋರರ್ ಆಗಿದ್ದವನು ಇಲ್ಲಿ ಸ್ಟಾರ್‌ಗಳ ಮರ್ಯಾದೆಗೆ ಖಾಲಿ ಶಾಟ್ ಕೂಡ ಹೊಡೆಯುವುದಿಲ್ಲ. ಆಗ ಹಂತ 4ರಲ್ಲಿ ಹೇಳಿದ ಝೋನ್‌ನ ಕಥೆ ಶುರು. ಅವನಿಗೆ ಪಂದ್ಯಕ್ಕೆ ಕನಿಷ್ಠ ಆರು ಖಾಲಿ ಶಾಟ್ ಹೊಡೆಯಲೇಬೇಕು ಎಂದು ಲೆಕ್ಕ ಕೊಡಿ, ತಪ್ಪಿದರೂ ಬೈಯಬೇಡಿ.

ಅಂತರದ ವಿಷಯವನ್ನೂ ನೋಡಿಕೊಳ್ಳಿ: ಪೋಸ್ಟ್‌ಗೆ ಬಾಲ್ ಕೊಟ್ಟ ಮೇಲೆ ಗಾರ್ಡ್ ಅಲ್ಲೇ ನಿಂತರೆ ಅವನ ಡಿಫೆಂಡರ್ ಕೈ ಚಾಚಿ ಬಾಲ್ ತಟ್ಟುತ್ತಾನೆ. ಕೊಟ್ಟ ಕೂಡಲೇ ಕಾರ್ನರ್‌ಗೋ ಟಾಪ್‌ಗೋ ಸರಿದು, ಹತ್ತಿರದ ಜೊತೆಗಾರನಿಂದ ನಾಲ್ಕೂವರೆ ಐದು ಮೀಟರ್ ದೂರ ಇರಬೇಕು.

ನಾಲ್ಕು ಪಂದ್ಯ ಆಡಿದ ಮೇಲೆ ಹಂತ 5ರ ಅದೇ ನಾಲ್ಕು ಕಾಲಂ ತೆಗೆದು ಮತ್ತೆ ನೋಡಿ, ಒಂದೇ ಸೋಲಿಗೆ ಗಾರ್ಡ್ ಬದಲಿಸಬೇಡಿ. ಎರಡನೇ ಸ್ಥಾನ ಬಂದವನನ್ನು ಮನೆಗೆ ಕಳಿಸಲೂಬೇಡಿ. ಪೋಸ್ಟ್ ಸ್ಟಾರ್ ಬೆಂಚ್‌ನಲ್ಲಿರುವ ನಿಮಿಷಗಳಿಗೆ ಬಾಲ್ ಹಿಡಿದು ತಾನೇ ಹೊಡೆಯುವ ಗಾರ್ಡ್ ಸರಿಯಾಗಿ ಹೊಂದುತ್ತಾನೆ.

ಕೊನೆಯ ಎರಡು ನಿಮಿಷಕ್ಕೆ ಬೇರೆ ಲೆಕ್ಕ. ಕ್ವಾರ್ಟರ್‌ನಲ್ಲಿ ಎದುರಾಳಿ ತಂಡದ ಐದನೇ ಫೌಲ್‌ನಿಂದ ನಿಮಗೆ ಎರಡು ಫ್ರೀ ಥ್ರೋ. ನೀವು ಮುಂದಿದ್ದರೆ ಬಾಲ್ ಹಿಡಿದ ಗಾರ್ಡ್‌ಗೇ ಫೌಲ್ ಮಾಡುತ್ತಾರೆ. ಹತ್ತಕ್ಕೆ ಏಳು ಫ್ರೀ ಥ್ರೋ ಹಾಕಲಾರದವನನ್ನು ಆ ಹೊತ್ತಿಗೆ ಕೂರಿಸಿ, ಇನ್ನೊಬ್ಬನನ್ನು ಇಳಿಸಿ. ಆ ಎರಡು ನಿಮಿಷದಲ್ಲಿ ನಿಮ್ಮ ಬ್ಯಾಕ್‌ಕೋರ್ಟ್‌ನಲ್ಲಿ (ನಿಮ್ಮ ಅರ್ಧದಲ್ಲಿ) ಬಾಲ್ ನಿಮ್ಮದಿರುವಾಗ ಟೈಮ್‌ಔಟ್ ತೆಗೆದುಕೊಂಡರೆ ಫ್ರಂಟ್‌ಕೋರ್ಟ್‌ನ (ಎದುರಾಳಿ ಅರ್ಧದ) ಥ್ರೋ-ಇನ್ ಗೆರೆಯಿಂದ ಆಟ ಶುರು ಮಾಡಲು ಕೋಚ್ ಕೇಳಬಹುದು. ಪ್ರೆಸ್‌ನಿಂದ ತಪ್ಪಿಸಿಕೊಳ್ಳಬಹುದು, ಆದರೆ ಶಾಟ್ ಕ್ಲಾಕ್‌ನಲ್ಲಿ 14ಕ್ಕಿಂತ ಹೆಚ್ಚು ಸೆಕೆಂಡ್ ಸಿಗುವುದಿಲ್ಲ. ಆ 14 ಸೆಕೆಂಡಿನಲ್ಲಿ ಬಾಲ್ ಮೊದಲು ಯಾವ ಸ್ಟಾರ್‌ಗೆ, ಅಲ್ಲಿ ಮುಚ್ಚಿದರೆ ಯಾರಿಗೆ ಎಂಬುದನ್ನು ಟೈಮ್‌ಔಟ್‌ನಲ್ಲಿ ಹೇಳಹೊರಟರೆ ತಲೆಗೆ ಹತ್ತುವುದಿಲ್ಲ. ಹಿಂದಿನ ದಿನದ ಪ್ರಾಕ್ಟೀಸ್‌ನಲ್ಲೇ ಗಾರ್ಡ್‌ಗೆ ಹೇಳಿ, ಐದಾರು ಸಲ ಆಡಿಸಿ ನೋಡಿರಿ.